ಹಿಂದಕ್ಕೆ ತುಳಿಯಬಾರದ ದೇಶ

ಬೆಟ್ಟವಿಲ್ಲದ ನಾಡಿನಲ್ಲಿ ಬೈಸಿಕಲ್ ಪ್ರವಾಸ ಸುಲಭವೆಂದು ಹೇಳತಕ್ಕವರು ಒಂದೋ ಆ ನಾಡಿನಲ್ಲಿ ಹುಟ್ಟಿದವರು, ಇಲ್ಲವೇ ನನ್ನ ಅಳಿಯಂದಿರು. ನೆದರ್ಲೆಂಡ್ಸಿನ ಯೂರೋಪಿನ ಭಾಗದ ಅತ್ಯುನ್ನತ ಶಿಖರವಾದ ಫಾಲ್ಸರ್‌ಬರ್ಗಿನ ಎತ್ತರ 322 ಮೀಟರು ಮಾತ್ರವೆಂದೂ, ಅದೂ ನಮ್ಮ ದಾರಿಯಲ್ಲಿಲ್ಲವೆಂದೂ ಸಪ್ರಮಾಣವಾಗಿ ನಿರೂಪಿಸಿ, ಉಟ್ರೆಕ್ಟಿನಿಂದ ಲೆಕ್ ನದಿಯ ಏರಿಯ ಮೇಲೆ ಕಿಂಡರ್‌ಡೈಕಿನ ಗಾಳಿಗಿರಣಿಗಳವರೆಗೆ ಹೋಗತಕ್ಕದ್ದೆಂದು ಅವರು ನಿಶ್ಚಯಿಸಿದರು.

ನನಗೆ ದೊರೆತ ಬಾಡಿಗೆಯ ಬೈಸಿಕಲ್ಲಿಗೆ ಕೈಬ್ರೇಕಿರಲಿಲ್ಲ; ಪೆಡಲನ್ನು ಹಿಂದಕ್ಕೆ ತುಳಿದರೆ ಅದೇ ಬ್ರೇಕು. ಮೈಸೂರಿನ ಇಳಿಜಾರುಗಳಲ್ಲಿ ವಿಲಾಸಾರ್ಥವಾಗಿ ಪೆಡಲನ್ನು ಹಿಂದಕ್ಕೆ ತಿರುಗಿಸಿ ಫ್ರೀವೀಲಿನ ಕಟಕಟ ನಾದವನ್ನು ಸವಿಯುತ್ತ ಬೆಳೆದ ಕಾಲುಗಳಿಗೆ ಈ ಶಾಸ್ತ್ರ ಹಿಡಿಸಲಿಲ್ಲ. ಮೊದಲ ತಿರುವಿನಲ್ಲೇ ವಾಹನ ನಿಂತಿತು, ನಾನು ನಿಲ್ಲಲಿಲ್ಲ.

ನಿಜವಾದ ಪರ್ವಕಾಲ ಒದಗಿದ್ದು ಸಿಗ್ನಲಿನಲ್ಲಿ. ಬಲಪೆಡಲು ಪಾತಾಳದಲ್ಲಿತ್ತು. ನಮ್ಮಲ್ಲಾದರೆ ಅದನ್ನು ಪಾದದ ತುದಿಯಿಂದ ಎತ್ತಿ, ಹಿಂದಕ್ಕೆ ಸುತ್ತಿಸಿ ಮೇಲಕ್ಕೆ ತಂದುಕೊಳ್ಳುವುದು ಹಾಲು ಕುಡಿದಷ್ಟು ಸುಲಭ. ಇಲ್ಲಿ ಎತ್ತಿದೊಡನೆ ಬ್ರೇಕು ಬಿಗಿಯುತ್ತಿತ್ತು. ಮುಂದಕ್ಕೆ ತಳ್ಳೋಣವೆಂದರೆ ಎದುರಿಗೆ ಕೆಂಪು ದೀಪ. ಹಸಿರು ಬಂದಿತು, ನಾನು ಎತ್ತಿದೆನು, ಅದು ಬಿಗಿಯಿತು, ಹಸಿರು ಹೋಯಿತು. ನನ್ನ ಬೆನ್ನ ಹಿಂದೆ ಶಾಲೆಯ ಮಕ್ಕಳೂ, ಮುಂಭಾಗದ ಪೆಟ್ಟಿಗೆಯಲ್ಲಿ ಎರಡು ಕೂಸುಗಳನ್ನು ಕೂರಿಸಿಕೊಂಡ ತಾಯಿಯೊಬ್ಬಳೂ, ಬುಟ್ಟಿಯಲ್ಲಿ ತರಕಾರಿ ತುಂಬಿದ ವೃದ್ಧೆಯೊಬ್ಬಳೂ ಮಹಾಮೌನದಿಂದ ಸಾಲುಗಟ್ಟಿದರು. ಕಡೆಗೆ ಆ ವೃದ್ಧೆ ತನ್ನ ವಾಹನವನ್ನು ಸ್ಟ್ಯಾಂಡಿಗೇರಿಸಿ ಬಂದು, ಒಂದು ಕೈಯಿಂದ ನನ್ನ ಕ್ಯಾರಿಯರನ್ನು ನೆಲದಿಂದೆತ್ತಿ, ಬೂಟಿನ ತುದಿಯಿಂದ ಪೆಡಲನ್ನು ಅರ್ಧ ಸುತ್ತು ಮುಂದಕ್ಕೆ ತಿರುಗಿಸಿ, ಮೊಮ್ಮಗನ ಅಂಗಿಯ ಗುಂಡಿ ಹಾಕಿದವಳಂತೆ ಬೆನ್ನು ತಟ್ಟಿದಳು. ನನಗಾದ ಲಜ್ಜೆ ಅಪಾರ. ಆದರೂ ಮುಂದಿನ ಸಿಗ್ನಲಿನಲ್ಲಿ ನಾನು ಆಕೆಗಾಗಿ ಹಿಂದಿರುಗಿ ನೋಡಿದ್ದುಂಟು.

ದಾರಿ ತಪ್ಪುವ ಸ್ವಾತಂತ್ರ್ಯವೂ ಇಲ್ಲಿ ಇಲ್ಲ. 1995ರಲ್ಲಿ ಬೆಲ್ಜಿಯಂನ ಗಣಿ ಎಂಜಿನಿಯರು ಹ್ಯೂಗೊ ಬೊಲೆನ್ ಆರಂಭಿಸಿದ ಪದ್ಧತಿ ಇಲ್ಲಿಗೂ ಹಬ್ಬಿ, ಕವಲುಕವಲಿಗೂ ಒಂದೊಂದು ಸಂಖ್ಯೆ ನಿಂತಿದೆ. ಸ್ಕೋನ್‌ಹೋವೆನ್ನಿನಲ್ಲಿ ದೋಣಿಯೇರಿ ನದಿ ದಾಟಿದೆವು. ಅಲ್ಲಿಂದ ಮುಂದಕ್ಕೆ ಎದುರುಗಾಳಿ. ಗುಡ್ಡವಾದರೆ ಏರಿದ ಮೇಲೆ ಇಳಿಜಾರನ್ನು ದಯಪಾಲಿಸುವ ಸಜ್ಜನಿಕೆಯನ್ನಾದರೂ ತೋರುತ್ತದೆ. ಈ ಗಾಳಿಗೆ ಅದೂ ಇಲ್ಲ. ಅದನ್ನು ನಾನು ಶುದ್ಧ ಮೈಸೂರು ಕನ್ನಡದಲ್ಲಿ ಬೈದೆನು. ಅಳಿಯಂದಿರು ಮುಂದೆಲ್ಲೋ ಶಿಳ್ಳೆ ಹಾಕುತ್ತಿದ್ದರು.

ಕಿಂಡರ್‌ಡೈಕಿನಲ್ಲಿ 19 ಗಿರಣಿಗಳು ಅದೇ ಗಾಳಿಗೆ ಮುಖವೊಡ್ಡಿ ನಿಂತಿದ್ದವು. ಬಹುಪಾಲು 1740ರ ಹೊತ್ತಿಗೆ ನಿರ್ಮಿತವಾದವು. 1997ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ಏರಿಯ ಒಂದು ಪಕ್ಕದಲ್ಲಿ ನದಿ, ಇನ್ನೊಂದು ಪಕ್ಕದಲ್ಲಿ ಅದಕ್ಕಿಂತ ತಗ್ಗಾದ ಹೊಲ. ಆ ಹೊಲದ ನೀರನ್ನು ಎತ್ತಿ ಹೊರಹಾಕಿದ್ದು ನಾನು ಬೈದ ಗಾಳಿಯೇ. 1953ರ ಜನವರಿ 31ರ ರಾತ್ರಿ ಎದ್ದ ಬಿರುಗಾಳಿ ಸಮುದ್ರವನ್ನೇ ಏರಿಗಳ ಮೇಲೆ ನೂಕಿ, ಈ ದೇಶದ 1,836 ಜನರನ್ನು ಒಯ್ದಿತೆಂಬುದು ನೆನಪಾಗಿ, ಬೈಗುಳ ಬಾಯಲ್ಲೇ ಉಳಿಯಿತು. ಇಲ್ಲಿಯವರು ಗಾಳಿಯನ್ನು ಬೈಯದಿರುವುದಕ್ಕೆ ಕಾರಣ ಅಭ್ಯಾಸವೊಂದೇ ಅಲ್ಲವೆಂದು ತೋರಿತು.

ಮರಳುವಾಗ ಜಲಬಸ್ಸಿನಲ್ಲಿ ರಾಟರ್‌ಡ್ಯಾಮ್ ಸೇರಿದೆವು. ಜನರಿಗಿಂತ ಬೈಸಿಕಲ್ಲುಗಳೇ ಹೆಚ್ಚಿರುವ ಈ ದೇಶದಲ್ಲಿ, ಕೆಲಸದ ದಿನಗಳ ಸಂಜೆ 4ರಿಂದ 6.30ರವರೆಗೆ ರೈಲಿನೊಳಗೆ ಬೈಸಿಕಲ್ಲಿಗೆ ಪ್ರವೇಶವಿಲ್ಲವಂತೆ! "ಹಾಗಾದರೆ ತುಳಿದುಕೊಂಡೇ ಹೋಗೋಣವೆ, ಮಾವ? ಗಾಳಿ ಈಗ ಬೆನ್ನಿಗಿದೆ" ಎಂದರು ಅಳಿಯಂದಿರು. ಪರದೇಶದಲ್ಲಿರುವಾಗ ಅಲ್ಲಿಯ ಕಾನೂನನ್ನು ಗೌರವಿಸುವುದು ಅತಿಥಿಯ ಪರಮಧರ್ಮವೆಂದು ಅವರಿಗೆ ಉಪದೇಶಿಸಿ, ನಾನು ಬೆಂಚಿನ ಮೇಲೆ ಕಾಲು ನೀಡಿದೆನು.