ಕಂಠೀರವದಲ್ಲಿ ಫುಟ್‌ಬಾಲ್: ಬಳಕೆದಾರರ ಕೈಪಿಡಿ

ಟಿಕೆಟ್ ಕೊಳ್ಳಲು ನಿರ್ಧರಿಸಿದ್ದಕ್ಕೆ ಅಭಿನಂದನೆ. ಬಳಕೆಗೆ ಮುನ್ನ ಒಂದು ವಿಷಯ ತಿಳಿದಿರಲಿ: ಬೆಂಗಳೂರಿನ ಕಂಠೀರವ ಕ್ರೀಡಾಂಗಣ ಓಟಗಾರರ ಮನೆ, ಫುಟ್‌ಬಾಲ್ ಅಲ್ಲಿ ಬಾಡಿಗೆದಾರ. ನಿಮಗೂ ಆಟಕ್ಕೂ ನಡುವೆ ಟ್ರ್ಯಾಕ್ ಮಲಗಿದೆ, ಅದು ಎದ್ದು ಜಾಗ ಬಿಡುವುದಿಲ್ಲ.

ಸೀಟಿನ ಆಯ್ಕೆ. ‘ಗೋಲಿನ ಹಿಂದೆ ಕೂತ್ರೆ ಗೋಲು ಚೆನ್ನಾಗಿ ಕಾಣುತ್ತೆ’ ಎನ್ನುವ ಭಾವಮೈದುನನ ಮಾತು ಕೇಳಬೇಡಿ. ಟ್ರ್ಯಾಕ್ ಬಾಗುವುದೇ ಅಲ್ಲಿ. ಹತ್ತಿರದ ಗೋಲಿಗೇ 30 ಮೀಟರ್ ಮೀರಿದ ಅಂತರ. ಆಚೆ ತುದಿಯಲ್ಲಿ ಗೋಲಾಯಿತೋ ಇಲ್ಲವೋ ಎಂಬುದನ್ನು ಜನರ ಕೂಗಿನಿಂದಲೇ ಊಹಿಸಬೇಕು. ಉದ್ದದ ಬದಿಯಲ್ಲೇ ಕೂರಿ, ಅದರಲ್ಲೂ ಮೇಲಿನ ಸಾಲುಗಳಲ್ಲಿ. ಕೆಳಗೆ ಕೂತರೆ ಇಪ್ಪತ್ತೆರಡು ಜನ ಒಬ್ಬರ ಹಿಂದೊಬ್ಬರು ಅಂಟಿಕೊಂಡಂತೆ ಕಾಣುತ್ತಾರೆ. ಮೇಲಿನಿಂದಾದರೆ ವಿಂಗರ್ ಮುಂದೆ ಖಾಲಿ ಜಾಗ ತೆರೆದುಕೊಳ್ಳುವುದು ಅವನಿಗಿಂತ ಮೊದಲೇ ನಿಮಗೆ ಕಾಣುತ್ತದೆ, ‘ಕೊಡೋ!’ ಎಂದು ಕೂಗುವ ಹಕ್ಕೂ ಬರುತ್ತದೆ. ಬಿಸಿಲಿರುವಾಗ ಪಂದ್ಯವಿದ್ದರೆ ಪೂರ್ವದ ಸ್ಟ್ಯಾಂಡ್ ಬೇಡ, ಸಂಜೆ ಸೂರ್ಯ ನೇರ ಕಣ್ಣಿಗೇ.

ಎಚ್ಚರಿಕೆ: ವೆಸ್ಟ್ ಬ್ಲಾಕ್ ಬ್ಲೂಸ್ ಅಭಿಮಾನಿ ಬಳಗದ ನಡುವೆ ಸೀಟು ಸಿಕ್ಕರೆ ಅದು ಬ್ಯಾಗ್ ಇಡಲಿಕ್ಕೆ ಮಾತ್ರ. ಬೆಂಗಳೂರು ಎಫ್‌ಸಿ ಸೋಲುತ್ತಿದ್ದರೂ ಇವರು ನಿಂತೇ ಹಾಡುತ್ತಾರೆ. ‘ಸ್ವಲ್ಪ ಕೂತ್ಕೊಳ್ಳಿ ಸಾರ್’ ಎಂದು ಪ್ರಯೋಗ ಮಾಡಬೇಡಿ. ಕೇರಳ ಬ್ಲಾಸ್ಟರ್ಸ್ ಬಂದ ದಿನ ಹಳದಿ ಅಂಗಿಯಲ್ಲಿ ಇಲ್ಲಿಗೆ ಬರಲೇಬೇಡಿ, ಅದು ಅತ್ತೆ ಕೊಡಿಸಿದ ಹಬ್ಬದ ಅಂಗಿಯಾದರೂ ಸರಿ.

ಸಾಗಣೆ. ಕಾರು ಮನೆಯಲ್ಲಿರಲಿ. ಈ ಕ್ರೀಡಾಂಗಣದ ಜಾಗ ಹಿಂದೆ ಸಂಪಂಗಿ ಕೆರೆಯ ಅಂಗಳ. ಕರಗದ ಆಚರಣೆಗೆಂದು ಉಳಿದ ಪುಟ್ಟ ಕೊಳವೊಂದು ಬಿಟ್ಟರೆ ಇನ್ನೆಲ್ಲ ಹೋಗಿದೆ. ಈಗ ಸುತ್ತ ತುಂಬಿ ಕೋಡಿ ಹರಿಯುವುದು ವಾಹನಗಳೇ. ಮೆಟ್ರೊದಲ್ಲಿ ಬಂದು ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿಳಿದು ನಡೆಯಿರಿ.

ಬಳಕೆಯ ವೇಳೆ ಫೋನ್ ಜೇಬಿನಲ್ಲಿರಲಿ. 2023ರ ಮಾರ್ಚ್ 3ರ ರಾತ್ರಿ, ಐಎಸ್‌ಎಲ್ ನಾಕೌಟ್, ಹೆಚ್ಚುವರಿ ಅವಧಿಯ 96ನೇ ನಿಮಿಷ: ಬ್ಲಾಸ್ಟರ್ಸ್ ಇನ್ನೂ ಗೋಡೆ ಕಟ್ಟುತ್ತಿರುವಾಗಲೇ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಫ್ರೀಕಿಕ್ ಒದ್ದು ಚೆಂಡನ್ನು ಬಲೆಗೆ ಸೇರಿಸಿಬಿಟ್ಟರು. ತಲೆ ತಗ್ಗಿಸಿ ಮೆಸೇಜ್ ಓದುತ್ತಿದ್ದವರಿಗೆ ಕಂಡದ್ದು ಬ್ಲಾಸ್ಟರ್ಸ್ ತಂಡ ಪ್ರತಿಭಟಿಸಿ ಅಂಗಳ ಬಿಟ್ಟು ಹೊರನಡೆಯುತ್ತಿದ್ದ ದೃಶ್ಯ ಮಾತ್ರ.

ಕಣ್ತಪ್ಪಿದ ಗೋಲಿಗೆ ಹಣ ವಾಪಸಿಲ್ಲ. ದೂರು ಕೊಡುವ ಮುನ್ನ ಯೋಚಿಸಿ: ಬ್ಲಾಸ್ಟರ್ಸ್ ಮರುಪಂದ್ಯ ಕೇಳಿದ್ದರು, ಸಿಕ್ಕಿದ್ದು ಹೊರನಡೆದದ್ದಕ್ಕೆ ನಾಲ್ಕು ಕೋಟಿ ರೂಪಾಯಿ ದಂಡ.