ಸಾಕ್ಷಿಗೆ ಕಣ್ಣಿರಬಾರದೆಂಬ ವಿಷಯವಾಗಿ

ಅಮೆರಿಕದ ಫೆಡರಲ್ ವಿಮಾನಯಾನ ಆಡಳಿತದ ಮಹನೀಯರಲ್ಲಿ ಅನೇಕ ವಿಜ್ಞಾಪನೆಗಳು.

ವೈಮಾನಿಕನೊಬ್ಬನ ದೇಹಮನಸ್ಸುಗಳು ಹಾರಾಟಕ್ಕೆ ಯೋಗ್ಯವೇ ಎಂಬ ಮೇಲ್ಮನವಿಯ ವಿಚಾರಣೆಗೆ ಯಾರಾರನ್ನು ಬರಮಾಡಿಕೊಳ್ಳಬೇಕೆಂಬ ಪ್ರಶ್ನೆಯು ಬಾಬ್ ಹೂವರ್ ಅವರ ಪ್ರಕರಣದಲ್ಲಿಯೇ ಶಾಶ್ವತವಾಗಿ ಬಗೆಹರಿದಿದ್ದರೂ, ಲೋಕವು ಆ ಉಪಕಾರವನ್ನು ತಕ್ಕಂತೆ ಸ್ಮರಿಸದಿರುವುದರಿಂದ ಈ ಪತ್ರ.

ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಸೆರೆಯಿಂದ ತಪ್ಪಿಸಿಕೊಂಡು ಅವರದೇ ಫೋಕ್-ವುಲ್ಫ್ ವಿಮಾನವನ್ನೇರಿ ಹಾರಿಹೋದವರೂ, 1947ರಲ್ಲಿ ಚಕ್ ಯೇಗರ್ ಶಬ್ದವೇಗವನ್ನು ದಾಟಿದಾಗ ಬೆಂಗಾವಲ ವಿಮಾನದಲ್ಲಿದ್ದವರೂ, ಮೈಭಾರವು ಸದಾ ಆಸನದ ಕಡೆಗೇ ಒತ್ತುವಂತೆ ತಮ್ಮ ಷ್ರೈಕ್ ಕಮ್ಯಾಂಡರ್ ವಿಮಾನವನ್ನು ಹದವರಿತು ಸುತ್ತು ಮಗುಚುತ್ತ, ಅದೇ ಹೊತ್ತಿನಲ್ಲಿ ಲೋಟಕ್ಕೆ ತಣ್ಣನೆಯ ಚಹಾ ಹೊಯ್ದುಕೊಳ್ಳಬಲ್ಲವರೂ ಆದ ಆ ಹಿರಿಯರು, 1992ರಲ್ಲಿ ಓಕ್ಲಹೋಮ ನಗರದ ಪ್ರದರ್ಶನದಲ್ಲಿ ತಮ್ಮ ಆಡಳಿತದ ಇಬ್ಬರು ತಪಾಸಣಾಧಿಕಾರಿಗಳ ಕಣ್ಣಿಗೆ ಮಂಕಾಗಿ ಕಂಡರು. 70ರ ಪ್ರಾಯದವರಲ್ಲಿ ಮಂಕನ್ನು ಹುಡುಕಹೊರಟವರಿಗೆ ಅದು ಸಿಕ್ಕದೆ ಹೋದೀತೆ? ನರಮಾನಸಿಕ ಪರೀಕ್ಷೆಗಳಾದವು, ವೈದ್ಯಕೀಯ ಪ್ರಮಾಣಪತ್ರ ಹೋಯಿತು.

ಮೇಲ್ಮನವಿಯಲ್ಲಿ ಮಾತ್ರ ಒಂದು ಅಚಾತುರ್ಯ ನಡೆಯಿತು. ಸಾಕ್ಷಿಗಳನ್ನೂ ವೈದ್ಯರನ್ನೂ ಎದುರಿಗೆ ಕೂರಿಸಿಕೊಂಡು ಕಿವಿಯಾರೆ ಕೇಳಿದ ನ್ಯಾಯಾಧೀಶರು, ಪಾಪ, ಹೂವರ್ ಅವರ ಪರವಾಗಿಯೇ ತೀರ್ಪಿತ್ತರು. ಮನುಷ್ಯರ ಮುಖ ನೋಡಿದರೆ ಆಗುವ ಅನರ್ಥವಿದು. ಸದ್ಯ, ಸಾರಿಗೆ ಸುರಕ್ಷತಾ ಮಂಡಳಿಯವರು, ಸಾಕ್ಷಿಗಳನ್ನು ಕರೆಸುವ ಗೋಜಿಲ್ಲದೆ ಕಡತವನ್ನಷ್ಟೆ ಅವಲೋಕಿಸಿ, 1993ರಲ್ಲಿ ಆ ತೀರ್ಪನ್ನು ತಲೆಕೆಳಗು ಮಾಡಿದರು. (ತಲೆಕೆಳಗು ಮಾಡುವುದರಲ್ಲಿ ಹೂವರ್ ಅವರೂ ನಿಪುಣರೇ, ಅವರ ಕೈಯಲ್ಲಿ ಏನೂ ಚೆಲ್ಲುತ್ತಿರಲಿಲ್ಲ, ಅಷ್ಟೆ ಭೇದ.) ಈ ಶಾಸ್ತ್ರವನ್ನರಿಯದ ಆಸ್ಟ್ರೇಲಿಯದವರು ಅವರಿಗೆ ಪರವಾನಗಿ ಕೊಟ್ಟೇಬಿಟ್ಟರು. ಅಮೆರಿಕದಲ್ಲಿ ಕೆಟ್ಟ ಮಿದುಳು ಭೂಮಧ್ಯರೇಖೆಯನ್ನು ದಾಟಿದೊಡನೆ ನೆಟ್ಟಗಾಗುವ ವೈಚಿತ್ರ್ಯವನ್ನು ಕುರಿತು ತಮ್ಮ ವೈದ್ಯರು ಪ್ರೌಢಪ್ರಬಂಧವನ್ನೇ ರಚಿಸಬಹುದಾಗಿತ್ತು. ಅದನ್ನು ಬಿಟ್ಟು 1995ರಲ್ಲಿ ತಾವೂ ಪ್ರಮಾಣಪತ್ರವನ್ನು ಹಿಂದಿರುಗಿಸಿದಿರಿ. ಮನಸ್ಸಿಗೆ ಖೇದವಾಯಿತು.

ಆದುದರಿಂದ ಬಿನ್ನಹವೇನೆಂದರೆ, ಇನ್ನು ಮುಂದೆ ವೈಮಾನಿಕನನ್ನೂ ಅವನೊಡನೆ ಹಾರಿದವರನ್ನೂ ಅವನ ನಾಡಿ ಹಿಡಿದು ಬಲ್ಲ ವೈದ್ಯನನ್ನೂ ಹೊಸ್ತಿಲಲ್ಲಿಯೇ ತಡೆಯತಕ್ಕದ್ದು. ಕಡತವೂ ಅದನ್ನು ಹೊತ್ತುತರುವ ಜವಾನನೂ ಸಾಕು. ಜವಾನನು ಅದನ್ನು ಓದಿರಕೂಡದು. ಸಾಕ್ಷಿಯೊಂದು ಬೇಕೇ ಬೇಕೆಂದು ಯಾರಾದರೂ ಹಟ ಹಿಡಿದಲ್ಲಿ ಆ ಷ್ರೈಕ್ ಕಮ್ಯಾಂಡರನ್ನೇ ಕರೆಸಬಹುದು: ವರ್ಜೀನಿಯದಲ್ಲಿರುವ ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿ ಅದನ್ನು ಇರಿಸಿದ್ದಾರೆ; ಅದು ಇನ್ನು ಹಾರುವುದಿಲ್ಲವಾದ ಕಾರಣ, ಅದರ ಯೋಗ್ಯತೆಯ ವಿಷಯದಲ್ಲಿ ತಮಗೆ ಸಂಶಯವುಂಟಾಗಲಾರದು.

ಇತಿ ತಮ್ಮ ವಿಧೇಯ,
ನೆಲದ ಮೇಲಿರುವ ಒಬ್ಬ