ನೆಟ್ಟಿನ ಹಿಂದಿನ ಅಪ್ಪ

ಮುಂಬಯಿಯ ಫೋರ್ಟಿನ ಕಚೇರಿಗಳು ಬಿಡುವ ಹೊತ್ತಿಗೆ ಆಜಾದ್ ಮೈದಾನದ ಕಡೆ ಕಾಲು ಹಾಕಿದರೆ ಮೂರು ಬಗೆಯ ಜನ ಕಾಣುತ್ತಾರೆ. ಬ್ಯಾಟ್ ಮಾಡುವವರು, ಬೌಲ್ ಮಾಡುವವರು, ಈ ಇಬ್ಬರಿಗೂ ಏನೂ ಬರುವುದಿಲ್ಲವೆಂದು ತಿಳಿದವರು. ಮೂರನೆಯವರು ನೆಟ್ಟಿನ ಹಿಂದೆ ನಿಂತಿರುತ್ತಾರೆ. ಬೆರಳುಗಳನ್ನು ಬಲೆಯ ಕಣ್ಣಿಗೆ ಸಿಕ್ಕಿಸಿಕೊಂಡು, ಮೂಗನ್ನು ಇನ್ನೊಂದು ಕಣ್ಣಿಗೆ ಒತ್ತಿಕೊಂಡು, ಸಾಧ್ಯವಾದರೆ ಒಳಗೇ ತೂರಿಬಿಡುತ್ತೇನೆಂಬ ಭಂಗಿಯಲ್ಲಿ. ಇವರು ಅಪ್ಪಂದಿರು. ಅವರಲ್ಲಿ ನಮ್ಮ ಉಡುಪಿ, ಕುಂದಾಪುರ, ಮಂಗಳೂರು ಕಡೆಯವರನ್ನು ಗುರುತಿಸಲು ಕಷ್ಟವಿಲ್ಲ. ಬೈಗುಳವನ್ನು ಕನ್ನಡದಲ್ಲಿ ಶುರು ಮಾಡಿ, ತುಳುವಿನಲ್ಲಿ ಏರಿಸಿ, ಹಿಂದಿಯಲ್ಲಿ ಕೋಚ್ ಹತ್ತಿರ ಕ್ಷಮೆ ಕೇಳಿ, ಮರಾಠಿಯಲ್ಲಿ ಮುಗಿಸುವವರು ಅವರೊಬ್ಬರೇ.

“ಮೊಣಕೈ ಮೇಲೆ ಮಗಾ, ಮೊಣಕೈ! ದಾನೆ ಮಾರಾಯಾ ಉಂದು! ಸಾರಿ ಸರ್, ಬಚ್ಚಾ ಹೈ. ಅರೇ, ಬಾಲ್ ಬಘ್ ನಾ!”

ಹುಡುಗ ಬಾಲ್ ನೋಡುವುದು ಹೇಗೆ? ಅವನು ನೋಡುತ್ತಿರುವುದು ಅಪ್ಪನನ್ನು.

ಇವರಿಗೆ ಹೆಸರು ಬೇಡ. ಒಬ್ಬರ ಹೆಸರು ಹಾಕಿದರೆ ಉಳಿದ ಹತ್ತು ಮಂದಿ ‘ನನ್ನನ್ನು ಬಿಟ್ಟು ಹೇಗೆ ಬರೆದಿರಿ’ ಎಂದು ಜಗಳಕ್ಕೆ ಬರುತ್ತಾರೆ. ವಯಸ್ಸು ಐವತ್ತರ ಮೇಲೆ. ಊರಿನಲ್ಲಿ ಏಳನೆಯ ಕ್ಲಾಸು ಮುಗಿಸಿ, ಸೋದರಮಾವನ ಬೆನ್ನು ಹಿಡಿದು ಬೊಂಬಾಯಿ ಬಸ್ಸು ಹತ್ತಿದವರು. ಹಗಲು ಫೋರ್ಟಿನ ಹೋಟೆಲಿನಲ್ಲಿ ಟೇಬಲ್ ಒರೆಸಿ, ಸಂಜೆ ಅಲ್ಲೇ ಹತ್ತಿರದ ಕನ್ನಡ ರಾತ್ರಿಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತಲೇ ಮೆಟ್ರಿಕ್ ದಾಟಿ, ಬ್ಯಾಂಕು ಸೇರಿದವರು. ಅವಿಭಜಿತ ದಕ್ಷಿಣ ಕನ್ನಡದಲ್ಲಿ ಹುಟ್ಟಿದ ಬ್ಯಾಂಕುಗಳಲ್ಲಿ 2019ರಲ್ಲಿ ವಿಜಯಾ, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬೇರೆ ಬ್ಯಾಂಕುಗಳೊಳಗೆ ವಿಲೀನವಾದವು. ಇವರ ಅಭಿಪ್ರಾಯ ಮಾತ್ರ ಇಂದಿನವರೆಗೆ ಯಾರ ಅಭಿಪ್ರಾಯದೊಳಗೂ ವಿಲೀನವಾಗಿಲ್ಲ.

ಇವರ ಸ್ವಂತ ಕ್ರಿಕೆಟ್ ಜೀವನ ಚಿಕ್ಕದು. ಹೋಟೆಲಿನ ಹುಡುಗನಾಗಿದ್ದಾಗ ಮೈದಾನದ ಕ್ಲಬ್ಬುಗಳ ಟೆಂಟಿಗೆ ಕೆಟಲಿನಲ್ಲಿ ಚಹಾ ಒಯ್ಯುತ್ತಿದ್ದರು. ಒಂದು ಸಲ ಚೆಂಡು ಕಾಲ ಬಳಿ ಉರುಳಿ ಬಂತು. ಕೆಟಲ್ ಕೆಳಗಿಟ್ಟು, ಎತ್ತಿ ಎಸೆದರು. ಆ ಕಡೆಯಿಂದ ಯಾರೋ “ಶಾಬಾಸ್” ಎಂದರು. ಅಲ್ಲಿಗೆ ಆಟ ಮುಗಿಯಿತು, ಏಕೆಂದರೆ ಚಹಾ ಆರಿತೆಂದು ಮಾಲೀಕರು ಬೈದರು. ಆ “ಶಾಬಾಸ್” ಹೇಳಿದ್ದು ಯಾರೆಂಬುದು ವರ್ಷ ಕಳೆದಂತೆ ಬದಲಾಗುತ್ತ ಬಂದಿದೆ. ಈಚಿನ ಆವೃತ್ತಿಯಲ್ಲಿ ಅದು ಗಾವಸ್ಕರ್.

1988ರ ಫೆಬ್ರವರಿಯ ವಿಷಯ ಎತ್ತಿದರಂತೂ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಶಾಲಾ ತಂಡಗಳ ಹ್ಯಾರಿಸ್ ಶೀಲ್ಡ್ ಸೆಮಿಫೈನಲಿನಲ್ಲಿ ಶಾರದಾಶ್ರಮ ಶಾಲೆಯ ಇಬ್ಬರು ಹುಡುಗರು ಇದೇ ಮೈದಾನದಲ್ಲಿ ಸೇಂಟ್ ಝೇವಿಯರ್ಸ್ ವಿರುದ್ಧ ಮುರಿಯದ 664 ರನ್ನಿನ ಜೊತೆಯಾಟ ಆಡಿದರು. ಕಾಂಬ್ಳಿ 349, ತೆಂಡೂಲ್ಕರ್ 326, ಇಬ್ಬರೂ ಔಟಾಗದೆ. ನಮ್ಮ ಅಪ್ಪ ಅಲ್ಲಿದ್ದರು. ಇಂದು ಫೋರ್ಟಿನಲ್ಲಿ ಐವತ್ತು ದಾಟಿದ ಪ್ರತಿಯೊಬ್ಬರೂ ಅಂದು ಅಲ್ಲಿದ್ದರು. ಇಷ್ಟು ಜನ ನಿಂತಿದ್ದರೆ ಚೆಂಡಿಗೆ ಬೌಂಡರಿ ದಾಟಲು ಜಾಗ ಎಲ್ಲಿತ್ತು ಎಂದು ಕೇಳಬಾರದು. ಈ ಕಥೆ ಹೇಳುವಾಗ ಅವರು ಒಂದು ಭಾಗ ನುಂಗಿಬಿಡುತ್ತಾರೆ. ಆ ಹುಡುಗರ ಕೋಚ್ ಆಚ್ರೇಕರ್ ಸರ್ ಅಂದು ಮೈದಾನದಲ್ಲಿರಲಿಲ್ಲ. ಇನಿಂಗ್ಸ್ ಡಿಕ್ಲೇರ್ ಮಾಡಿ ಎಂದು ಅವರ ಸಹಾಯಕರು ಗೆರೆಯಾಚೆಯಿಂದ ಕೂಗುತ್ತಲೇ ಇದ್ದರು. ಹುಡುಗರಿಬ್ಬರೂ ಆ ದಿಕ್ಕಿಗೆ ತಲೆಯೇ ಎತ್ತಲಿಲ್ಲ, ಕೇಳಿಸದವರಂತೆ ಆಡುತ್ತಲೇ ಹೋದರು. ಹೊರಗಿನ ಕೂಗಿಗೆ ಕಿವಿಗೊಡದೆ ಬಂದ ರನ್ನುಗಳವು ಎಂದು ನೆಟ್ಟಿನ ಹಿಂದೆ ನಿಂತವರಿಗೆ ಹೇಳಿ ನೋಡಿ.

ದಿನಚರಿ ಶುರುವಾಗುವುದು ಡೊಂಬಿವಲಿಯಲ್ಲೋ ಭಾಂಡುಪಿನಲ್ಲೋ, ಲೋಕಲ್ ಟ್ರೈನಿನಲ್ಲಿ. ಕಿಟ್‌ಬ್ಯಾಗು ಅಪ್ಪನ ಹೆಗಲಿಗೆ, ಫೋನು ಮಗನ ಕೈಗೆ. ಆ ಬ್ಯಾಗಿನೊಳಗೆ ಎರಡು ಬ್ಯಾಟು, ಪ್ಯಾಡು, ಹೆಲ್ಮೆಟ್ಟು, ಅಮ್ಮ ಕಟ್ಟಿಕೊಟ್ಟ ನೀರುದೋಸೆ. ಮೂವರ ಬೆಂಚಿನ ಚೌಥಿ ಸೀಟಿನ ತುದಿಯಲ್ಲಿ ಅರ್ಧ ಕೂತವರ ಮೊಣಕಾಲಿಗೆ ಅದು ತಾಗಿದಾಗ ಏಳುವ ಮಾತಿಗೆ ಅಪ್ಪನಲ್ಲಿ ಒಂದೇ ಉತ್ತರ: “ನಾಳೆ ಇವನೇ ಇಂಡಿಯಾಕ್ಕೆ ಆಡಿದಾಗ ನೀವೇ ಹೇಳ್ತೀರಿ, ನನ್ನ ಕಾಲಿಗೆ ತಾಗಿದ ಬ್ಯಾಗು ಇದು ಅಂತ.” ಡಬ್ಬಿಯೊಳಗೆ ನಗು ಏಳುತ್ತದೆ. ಮಗ ಕಿಟಕಿಯಾಚೆ ನೋಡುತ್ತಾನೆ.

ಮೈದಾನದಲ್ಲಿ ಅಪ್ಪನ ಕೈಯಲ್ಲೊಂದು ಉದ್ದನೆಯ ಲೆಡ್ಜರು ಇರುತ್ತದೆ. ಬ್ಯಾಂಕು ಬಿಟ್ಟರೂ ಲೆಡ್ಜರು ಬಿಡಲಾಗಲಿಲ್ಲ. ಬ್ಯಾಟಿನ ನಡುವಿಗೆ ತಾಗಿದ ಚೆಂಡು ಜಮೆ, ಅಂಚಿಗೆ ತಾಗಿದ್ದು ಖರ್ಚು, ಪೂರ್ತಿ ತಪ್ಪಿದ್ದು ವಸೂಲಾಗದ ಸಾಲ. ತಿಂಗಳ ಕೊನೆಗೆ ಬ್ಯಾಲೆನ್ಸ್ ಹೊಂದುವುದಿಲ್ಲ. ಅದಕ್ಕೆ ಮಗನನ್ನೇ ಆಡಿಟ್ ಮಾಡುತ್ತಾರೆ.

ಅಭ್ಯಾಸದ ವಿಷಯದಲ್ಲಿ ಇವರು ತಿಳಿಯದವರೆಂದು ಭಾವಿಸಬೇಡಿ. ತಿಳಿದದ್ದು ಅತಿಯಾಗಿದೆ, ಅದೇ ತೊಂದರೆ. ಹನ್ನೆರಡು ವರ್ಷದ ಹುಡುಗರಿಗೆ ಥ್ರೋಡೌನ್ ಏಕೆ ಬೇಕೆಂದು ಕೇಳಿದರೆ ಸರಿಯಾದ ಉತ್ತರ ಕೊಡುತ್ತಾರೆ. ಅದೇ ವಯಸ್ಸಿನ ಬೌಲರ್ ಆರು ಚೆಂಡನ್ನು ಆರು ಊರಿಗೆ ಹಾಕುತ್ತಾನೆ. ಒಂದೇ ಜಾಗದಲ್ಲಿ ಬಿದ್ದ ಚೆಂಡನ್ನು ಮತ್ತೆ ಮತ್ತೆ ಆಡಿದರೆ ಮಾತ್ರ ಕಾಲು ತಾನಾಗಿ ಅಲ್ಲಿಗೆ ಹೋಗುವುದನ್ನು ಕಲಿಯುತ್ತದೆ. ಆದ್ದರಿಂದ ಹತ್ತಿರ ನಿಂತು ಕೈಯಿಂದಲೇ ಎಸೆಯಬೇಕು. ಮೇಲಿನ ಕೈಯೊಂದರಲ್ಲೇ ಚಿಕ್ಕ ಬ್ಯಾಟ್ ಹಿಡಿದು ಆಡಿಸುವುದೂ ಹೀಗೇ. ಬಲಗೈಯವನಿಗೆ ಎಡಗೈ ಸೋಮಾರಿ. ಕೆಳಗಿನ ಬಲಗೈ ಅಧಿಕಾರ ನಡೆಸಿದರೆ ಬ್ಯಾಟು ಅಡ್ಡ ಬರುತ್ತದೆ, ಚೆಂಡು ಮಿಡ್ ವಿಕೆಟ್ಟಿನ ಕೈಗೆ ಏರುತ್ತದೆ. ಇಷ್ಟು ವಿವರಿಸಿ, ನಮ್ಮ ಕುಮಟಾದ ರಾಘವೇಂದ್ರರ ಮಾತಿಗೆ ಬರುತ್ತಾರೆ. ಸೈಡ್‌ಆರ್ಮ್ ಎಂಬ ಉದ್ದನೆಯ ಪ್ಲಾಸ್ಟಿಕ್ ಕೋಲಿನಿಂದ ಚೆಂಡನ್ನು ಗಂಟೆಗೆ 150 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ ಎಸೆದು ಭಾರತ ತಂಡವನ್ನೇ ತಯಾರು ಮಾಡುವ ರಘು. ಉತ್ತರ ಕನ್ನಡದಿಂದ ಕೈಯಲ್ಲಿ ಕಾಸಿಲ್ಲದೆ ಹೊರಟು, ಹುಬ್ಬಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಮಲಗಿ ಮೇಲೆ ಬಂದ ಮನುಷ್ಯ, ವಿರಾಟ್ ಕೊಹ್ಲಿಯಿಂದ ಹೊಗಳಿಸಿಕೊಂಡವರು. “ನಮ್ಮವ!” ಎನ್ನುವಾಗ ಅಪ್ಪನ ಎದೆ ಒಂದು ಇಂಚು ಮುಂದೆ ಬರುತ್ತದೆ.

ಮುಂದೆ ಬಂದ ಎದೆ ಅಲ್ಲಿಗೇ ನಿಲ್ಲಬೇಕಿತ್ತು. ಧೋಬಿ ತಲಾವಿನ ಅಂಗಡಿಯಿಂದ ತಾವೂ ಒಂದು ಸೈಡ್‌ಆರ್ಮ್ ತಂದರು. ಮೊದಲ ಚೆಂಡು ಪಕ್ಕದ ನೆಟ್ಟಿಗೆ ಹೋಯಿತು. ಎರಡನೆಯದು ಇವರದೇ ಕಾಲಿನ ಹೆಬ್ಬೆರಳಿಗೆ. ಮೂರನೆಯದು ಮೈದಾನದ ಅಂಚಿನಲ್ಲಿ ಭೇಲ್ ಮಾರುತ್ತಿದ್ದವನ ಡಬ್ಬಕ್ಕೆ ಬಿತ್ತು. ಅಲ್ಲಿ ಅವರು ತೆತ್ತ ಹಣದಲ್ಲಿ ಮಗನಿಗೆ ಒಂದು ಜೊತೆ ಗ್ಲೌಸ್ ಬರುತ್ತಿತ್ತು.

ಆಚ್ರೇಕರ್ ಸರ್ ಶಿವಾಜಿ ಪಾರ್ಕಿನಲ್ಲಿ ಸ್ಟಂಪಿನ ಮೇಲೆ ಒಂದು ರೂಪಾಯಿ ನಾಣ್ಯ ಇಡುತ್ತಿದ್ದ ಕಥೆ ಎಲ್ಲರಿಗೂ ಗೊತ್ತು. ಔಟ್ ಮಾಡಿದ ಬೌಲರಿಗೆ ನಾಣ್ಯ, ಔಟಾಗದೆ ಉಳಿದರೆ ಸಚಿನ್‌ಗೆ. ಹಾಗೆ ಗೆದ್ದ ಹದಿಮೂರು ನಾಣ್ಯಗಳನ್ನು ಸಚಿನ್ ಇಂದಿಗೂ ಜೋಪಾನ ಮಾಡಿದ್ದಾರೆ. ನಮ್ಮ ಅಪ್ಪ ಹಣದುಬ್ಬರ ಲೆಕ್ಕ ಹಾಕಿ ಹತ್ತು ರೂಪಾಯಿಯ ನಾಣ್ಯ ಇಟ್ಟರು. ಟೆಂಟಿನಲ್ಲಿ ಮಲಗಿದ್ದ ಹುಡುಗರೆಲ್ಲ ಎದ್ದು ಬಂದು ಬೌಲಿಂಗಿಗೆ ಸಾಲು ನಿಂತರು. ಅರ್ಧ ಗಂಟೆಯಲ್ಲಿ ಅಪ್ಪನ ಜೇಬಿನ ಚಿಲ್ಲರೆ ಖಾಲಿ. ಐನೂರರ ನೋಟು ತೆಗೆದು “ಯಾರ ಹತ್ರ ಚೇಂಜ್ ಉಂಟು?” ಎಂದು ಕೇಳುತ್ತಿರುವಾಗ ಕೋಚ್ ಮೊದಲ ಬಾರಿಗೆ ಕುರ್ಚಿಯಿಂದ ಎದ್ದರು.

ಕೋಚ್ ಬಗ್ಗೆ ಎರಡು ಮಾತು ಹೇಳಬೇಕು. ಮಾಸಿದ ಬಿಳಿ ಟೊಪ್ಪಿ, ಪ್ಲಾಸ್ಟಿಕ್ ಕುರ್ಚಿ, ಸಂಜೆಯಿಡೀ ಮೂರು ಶಬ್ದ. “ಡೋಕಂ ಸ್ಥಿರ್,” ತಲೆ ಅಲ್ಲಾಡಿಸಬೇಡ. ಒಂದು ತಾಸಿನ ನಂತರ “ಚಾಂಗ್ಲಂ.” ಕಾಂಗಾ ಲೀಗಿನಲ್ಲಿ, ಎಂದರೆ 1948ರಿಂದ ಮುಂಬಯಿಯ ಮಳೆಗಾಲದ ಕೆಸರಿನಲ್ಲೇ ನಡೆಯುವ ಪಂದ್ಯಾವಳಿಯಲ್ಲಿ, ಮೊಣಕಾಲುದ್ದ ಹುಲ್ಲಿನಲ್ಲಿ ಚೆಂಡು ಹುಡುಕಿ ಬೆಳೆದ ಮನುಷ್ಯರಿಗೆ ಮಾತು ಕಡಿಮೆ. ಅಪ್ಪನಿಗೆ ಇದು ಅರ್ಥವಾಗುವುದಿಲ್ಲ. ಫೀಸು ಕೊಟ್ಟದ್ದಕ್ಕೆ ಶಬ್ದ ಬೇಡವೇ? ಕೋಚ್ ಬಾಕಿ ಉಳಿಸಿದ ಶಬ್ದಗಳನ್ನೆಲ್ಲ ತಾವೇ ಭರ್ತಿ ಮಾಡುತ್ತಾರೆ.

ಮನೆಯಲ್ಲಿ ತರಬೇತಿ ಮುಂದುವರಿಯುತ್ತದೆ. ಹಳೆಯ ಸಾಕ್ಸಿನೊಳಗೆ ಚೆಂಡು ತುರುಕಿ ಬಟ್ಟೆ ಒಣಹಾಕುವ ಕೋಲಿಗೆ ನೇತುಹಾಕುತ್ತಾರೆ. ಆಸ್ಟ್ರೇಲಿಯಾದ ಬೌರಲಿನಲ್ಲಿ ಬಾಲಕ ಬ್ರಾಡ್ಮನ್ ನೀರಿನ ಟ್ಯಾಂಕಿನ ಇಟ್ಟಿಗೆ ಕಟ್ಟೆಗೆ ಗಾಲ್ಫ್ ಚೆಂಡು ಎಸೆದು, ಅದು ಮರಳಿ ಬಂದಾಗ ಒಂಟಿ ಸ್ಟಂಪಿನಿಂದ ಹೊಡೆಯುತ್ತಿದ್ದನೆಂದು ಮಗನಿಗೆ ದಿನವೂ ಪಾರಾಯಣ. ಆದರೆ ಬ್ರಾಡ್ಮನ್ನನ ಮನೆಯ ಕೆಳಗಿನ ಮಾಳಿಗೆಯಲ್ಲಿ ಮಧ್ಯಾಹ್ನ ಮಲಗುವ ಅಜ್ಜಿಯಿರಲಿಲ್ಲ. ಈಚೆಗೆ ಮೊಬೈಲಿನಲ್ಲಿ ಅಮೆರಿಕದ ಬೇಸ್‌ಬಾಲ್ ಮಕ್ಕಳನ್ನು ನೋಡಿ, ಕಂಬದಂಥ ಸ್ಟ್ಯಾಂಡಿನ ಮೇಲೆ ಚೆಂಡಿಟ್ಟು ಸೊಂಟ ತಿರುಗಿಸಿ ಬಾರಿಸುವುದೂ ಸೇರಿಕೊಂಡಿದೆ. ಟ್ವೆಂಟಿ–20 ಕಾಲಕ್ಕೆ ಸಿಕ್ಸರ್ ಬೇಕಲ್ಲ. ಸ್ಟ್ಯಾಂಡಿಗೆ ಬದಲು ಹೆಂಡತಿಯ ಸ್ಟೀಲಿನ ಡಬ್ಬಗಳನ್ನು ಒಂದರ ಮೇಲೊಂದು ಪೇರಿಸಿದರು. ಹುಡುಗ ಸೊಂಟ ಚೆನ್ನಾಗಿಯೇ ತಿರುಗಿಸಿದ. ಮೇಲಿನ ಡಬ್ಬದಲ್ಲಿ ಊರಿನಿಂದ ಬಂದ ಹುರುಳಿ ಇತ್ತು. ಮನೆಯೊಡತಿ ಅಂದು ಹೇಳಿದ ಮಾತು ಯಾವ ಕೋಚಿಂಗ್ ಪುಸ್ತಕದಲ್ಲೂ ಇಲ್ಲ.

ನಮ್ಮೂರಿನ ಮೂಲದಿಂದ ಬಂದು ಬೊಂಬಾಯಿಯಲ್ಲಿ ಬೆಳೆದು ಭಾರತಕ್ಕೆ ಆಡಿದ ಬ್ಯಾಟ್ಸ್‌ಮನ್‌ಗಳ ಪಟ್ಟಿ ಇವರಿಗೆ ಬಾಯಿಪಾಠ. ಅದರಲ್ಲಿ ನನಗೆ ಎಲ್ಲರಿಗಿಂತ ಇಷ್ಟವಾದವರು ಮೂಲ್ಕಿಯಲ್ಲಿ ಹುಟ್ಟಿದ ಬುಧಿ ಕುಂದರನ್. ಅವರ ತಂದೆಗೆ ಕ್ರಿಕೆಟ್ ಎಂದರೆ ಆಗುತ್ತಿರಲಿಲ್ಲವಂತೆ. ಮಗ ಶಾಲೆಯ ತಂಡಕ್ಕೆ ಆಯ್ಕೆಯಾದಾಗ ತಾಯಿ ಗಂಡನ ಬಟ್ಟೆಯನ್ನೇ ಕತ್ತರಿಸಿ ಹೊಲಿದು ಮಗನಿಗೆ ತೊಡಿಸಿದರಂತೆ. 1960ರ ಜನವರಿಯಲ್ಲಿ ಬೊಂಬಾಯಿಯಲ್ಲೇ ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟ್ ಆಡುವ ಹಿಂದಿನ ರಾತ್ರಿ, ಇಕ್ಕಟ್ಟಿನ ಮನೆಯಲ್ಲಿ ನಿದ್ದೆ ಬಾರದೆ, ಹೊರಗೆ ಗಾರ್ಡನ್ನಿನ ಮರದಡಿ ಮಲಗಿದರೆಂಬ ಕಥೆಯೂ ಇದೆ. 1964ರಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡಿನ ಬೌಲರುಗಳನ್ನು ಬಡಿದು 192 ರನ್ ಹೊಡೆದದ್ದು ಇದೇ ಕುಂದರನ್. ಇದನ್ನು ಒಮ್ಮೆ ನೆಟ್ಟಿನ ಹಿಂದೆ ವಿವರವಾಗಿ ಹೇಳಿದೆ. ಅಪ್ಪ ಗಮನವಿಟ್ಟು ಕೇಳಿದರು, ಕಣ್ಣು ಒದ್ದೆ ಮಾಡಿಕೊಂಡರು. ಕೊನೆಗೆ, “ಪಾಪ, ಹಿಂದೆ ಯಾರಾದರೂ ನಿಂತು ಹೇಳುವವರಿದ್ದಿದ್ದರೆ ಆ ಎಂಟು ರನ್ನೂ ಆಗ್ತಿತ್ತು” ಎಂದರು.

ಮ್ಯಾಚಿನ ದಿನ ಇವರ ಪಾಡು ನೋಡಲಾಗದು. ಆಜಾದ್ ಮೈದಾನದಲ್ಲಿ ಇಪ್ಪತ್ತೆರಡು ಪಿಚ್ಚುಗಳು ಒಂದಕ್ಕೊಂದು ಅಂಟಿಕೊಂಡಿವೆ. ಈ ಆಟದ ಸ್ಲಿಪ್ಪಿನವನ ಬೆನ್ನಿಗೆ ಆ ಆಟದ ಮಿಡ್ ಆನ್ ನಿಂತಿರುತ್ತಾನೆ. ಮಗ ಯಾವ ಆಟದಲ್ಲಿದ್ದಾನೆಂದು ಖಚಿತವಾಗುವುದೇ ತಡ, ಅಪ್ಪ ಪ್ರತಿ ಚೆಂಡಿಗೂ ತಮ್ಮ ಕಾಲು ಮುಂದಿಡುತ್ತಾರೆ, ಕೈಯಲ್ಲಿಲ್ಲದ ಬ್ಯಾಟನ್ನು ಎತ್ತುತ್ತಾರೆ. ಒಂದು ಇನಿಂಗ್ಸ್ ಮುಗಿಯುವ ಹೊತ್ತಿಗೆ ಹುಡುಗ ಆಡಿದ್ದಕ್ಕಿಂತ ಹೆಚ್ಚು ಚೆಂಡು ಇವರು ಆಡಿರುತ್ತಾರೆ, ಒಂದೂ ತಪ್ಪದೆ. ಹುಡುಗ ನಾಲ್ಕಕ್ಕೆ ಔಟ್. ತಪ್ಪು ಅಂಪೈರಿಂದ ಶುರುವಾಗಿ, ಪಿಚ್ಚು, ಸೂರ್ಯ, ಕಾಗೆ, ಕೊನೆಗೆ ಅವನ ತಾಯಿಯ ಕಡೆಯವರ ಮೊಣಕೈವರೆಗೆ ಬರುತ್ತದೆ.

ಮೊನ್ನೆ ಏನಾಯಿತೆಂದರೆ, ಪಿಂಚಣಿಯ ಯಾವುದೋ ಕಾಗದಕ್ಕೆ ಸಹಿ ಬೇಕೆಂದು ಅಪ್ಪನಿಗೆ ಕರೆ ಬಂತು. ಕಾಗದ ಮುಗಿಸಿ ಓಡಿ ಬರುವಷ್ಟರಲ್ಲಿ ಮಗ ಅರವತ್ತು ದಾಟಿದ್ದ. ಅಪ್ಪ ಬಂದು ನಿಂತರು, ಕೆಮ್ಮಿದರು. ಹುಡುಗ ಆ ಕೆಮ್ಮು ಗುರುತಿಸಿದ. ಮುಂದಿನ ಚೆಂಡಿಗೆ ಬೌಲ್ಡ್. “ನೋಡಿ, ನಾನಿಲ್ಲದಿದ್ದರೆ ಕಾನ್ಸಂಟ್ರೇಶನ್ ಹೋಗಿಬಿಡ್ತದೆ” ಎಂದು ಅಪ್ಪ ನನಗೆ ಹೇಳಿದರು. ಅವರ ಮುಖದಲ್ಲಿ ಅನುಮಾನದ ಗೆರೆಯೂ ಇರಲಿಲ್ಲ.

ಈಗೀಗ ನೆಟ್ಟಿನ ಹಿಂದೆ ಹೆಣ್ಣುಮಕ್ಕಳ ಅಪ್ಪಂದಿರೂ ಸೇರಿಕೊಂಡಿದ್ದಾರೆ. 2025ರ ಅಕ್ಟೋಬರ್ 30ರಂದು ನವಿ ಮುಂಬಯಿಯಲ್ಲಿ ಆಸ್ಟ್ರೇಲಿಯಾ ವಿರುದ್ಧದ ವಿಶ್ವಕಪ್ ಸೆಮಿಫೈನಲಿನಲ್ಲಿ ಜೆಮಿಮಾ ರೊಡ್ರಿಗ್ಸ್ ಔಟಾಗದೆ 127 ಹೊಡೆದ ಮೇಲೆ ಈ ಗುಂಪಿಗೆ ಹೊಸ ಧೈರ್ಯ ಬಂದಿದೆ. ಭಾಂಡುಪಿನ ಹುಡುಗಿ, ಮಂಗಳೂರಿನ ಮೂಲ, ಚಿಕ್ಕಂದಿನಿಂದ ಕಲಿಸಿದವರು ಸ್ವಂತ ತಂದೆ. ಇನ್ನೇನು ಬೇಕು? “ಕಂಡಿರಾ, ಅಪ್ಪನೇ ಕೋಚು!” ಎಂದು ನಮ್ಮವರು ಎರಡು ದಿನ ಎಲ್ಲರಿಗೂ ಹೇಳಿಕೊಂಡು ತಿರುಗಿದರು. ಆ ತಂದೆಗೆ ಕ್ರಿಕೆಟ್ ಕಲಿಸಲು ಬರುತ್ತಿತ್ತು ಎಂಬ ಸಣ್ಣ ವ್ಯತ್ಯಾಸವನ್ನು ಎತ್ತಿ ತೋರಿಸುವಷ್ಟು ಕಠೋರನಲ್ಲ ನಾನು.

ಸಂಜೆ ಸಿಎಸ್‌ಎಂಟಿಗೆ ಹೋಗುವಾಗ ಮೈದಾನದ ನಡುವಿನ ಕಾಲುದಾರಿ ಹಿಡಿಯುವ ಕನ್ನಡಿಗರು ಇಷ್ಟು ನೆನಪಿಟ್ಟುಕೊಂಡರೆ ಸಾಕು. ಚೆಂಡಿನ ಕಡೆ ಒಂದು ಕಣ್ಣಿರಲಿ, ಸೀಸನ್ ಬಾಲ್ ತಾಗಿದರೆ ತಮಾಷೆಯಲ್ಲ. ನೆಟ್ಟಿನ ಹಿಂದಿನಿಂದ ಯಾರಾದರೂ ತಿರುಗಿ “ಹೇಗೆ ಆಡ್ತಾನೆ ಹುಡುಗ?” ಎಂದು ಕೇಳಿದರೆ, “ಚೆನ್ನಾಗಿ ಆಡ್ತಾನೆ” ಎಂದಷ್ಟೇ ಹೇಳಿ, ನಿಲ್ಲದೆ ನಡೆಯಿರಿ. ಮೊಣಕೈಯ ಸುದ್ದಿ ಮಾತ್ರ ಎತ್ತಬೇಡಿ. ಎತ್ತಿದಿರೋ, ಕೊನೆಯ ಲೋಕಲ್ಲೂ ತಪ್ಪಿತೆಂದೇ ತಿಳಿಯಿರಿ.